ಹ್ಞೂಂ ಅಂದಳೋ, ಊಹ್ಞೂಂ ಅಂದಳೋ

ನಮ್ಮ ಅಂಗಡಿಯಲ್ಲಿ ಬಾಯಿಬಿಟ್ಟು ಮಾತಾಡುವವಳು ನಾನೊಬ್ಬಳೇ. ಉಳಿದಿಬ್ಬರ ಬಾಯಿಗೆ ಪುರುಸೊತ್ತಿಲ್ಲ. ಅಪ್ಪನ ಬಾಯಲ್ಲಿ ಸದಾ ಮೊಳೆ, ಅತ್ತೆಯ ಬಾಯಲ್ಲಿ ಸದಾ ಗುಂಡುಸೂಜಿ. ಸೋಫಾದ ಚೌಕಟ್ಟಿಗೆ ಬಟ್ಟೆ ಎಳೆದು ಬಿಗಿಯುವಾಗ ಎರಡು ಕೈಯೂ ಸಾಲುವುದಿಲ್ಲ, ಮೊಳೆ ಇಟ್ಟುಕೊಳ್ಳಲು ಬಾಯೊಂದೇ ಗತಿ. ಅಪ್ಪ ಒಂದೊಂದೇ ಮೊಳೆಯನ್ನು ನಾಲಿಗೆಯಲ್ಲಿ ತಿರುಗಿಸಿ ತುಟಿಗೆ ತಂದು, ಆಯಸ್ಕಾಂತದ ಸುತ್ತಿಗೆಯ ತುದಿಗೆ ಅಂಟಿಸಿ ಹೊಡೆಯುತ್ತಾನೆ. ಇದೆಲ್ಲ ಬೇಡ ಅಂತ ನಾನು ಪಿನ್ನು ಹೊಡೆಯುವ ಗನ್ನು ತಂದುಕೊಟ್ಟೆ. ಅದನ್ನು ಬಹಳ ಮೆಚ್ಚಿಕೊಂಡು ಹೊಗಳಿ, ಒರೆಸಿ, ಡಬ್ಬದಲ್ಲಿಟ್ಟು ಅಟ್ಟಕ್ಕೆ ಹಾಕಿದ. ಇಂಥವರ ಜೊತೆ ನನ್ನ ಸಂಸಾರ.

ಹೀಗಾಗಿ ಅಂಗಡಿಯ ಭಾಷೆಯೇ ಬೇರೆ. ಹ್ಞೂಂ ಅಂದರೆ ಹೌದು. ಊಹ್ಞೂಂ ಅಂದರೆ ಇಲ್ಲ. ಹ್ಞಾಂ ಅಂತ ಎಳೆದರೆ ಏನು, ಕೇಳಿಸಲಿಲ್ಲ. ಸೋಫಾದ ಆ ಕಡೆ ಒಬ್ಬರು, ಈ ಕಡೆ ಒಬ್ಬರು ಕೂತು ಇಡೀ ಬೆಳಿಗ್ಗೆಯನ್ನು ಈ ಮೂರು ಶಬ್ದದಲ್ಲಿ ಕಳೆದುಬಿಡುತ್ತಾರೆ. ಗಿರಾಕಿಗಳು ಬಂದರೆ ಅವರಿಗೆ ಅರ್ಥ ಹೇಳಲು ನಾನು ಬೇಕು.

ಬೋರ್ಡಿನ ಮೇಲೆ ‘ಅಣ್ಣ-ತಂಗಿ ಕುಶನ್ ವರ್ಕ್ಸ್’ ಎಂದಿದೆ. ಅಣ್ಣ ನನ್ನಪ್ಪ, ತಂಗಿ ನನ್ನತ್ತೆ. ಚೌಕಟ್ಟು, ಸ್ಪ್ರಿಂಗು, ಫೋಮು ಅಪ್ಪನದು. ಅಳೆಯುವುದು, ಕತ್ತರಿಸುವುದು, ಹೊಲಿಯುವುದು ಅತ್ತೆಯದು. ಫೋನು ಎತ್ತುವುದು, ಮನೆಮನೆಗೆ ಹೋಗಿ ಅಳತೆ ತರುವುದು, ಗಿರಾಕಿಗಳ ಹತ್ತಿರ ಜಗಳ ಕಾಯುವುದು ನನ್ನದು. ಅಮ್ಮ ಆಸ್ಪತ್ರೆಯಲ್ಲಿ ನರ್ಸು. ಅಂಗಡಿಯ ಗೋಳನ್ನು ಹೊಸ್ತಿಲಾಚೆಯೇ ಬಿಟ್ಟು ಬನ್ನಿ ಅಂತ ಮೊದಲೇ ಹೇಳಿ ಕೈತೊಳೆದುಕೊಂಡಿದ್ದಾಳೆ. ಅತ್ತೆಗೆ ಮದುವೆಯಾಗಿಲ್ಲ. ಯಾಕೆ ಅಂತ ಕೇಳಿದರೆ “ಪುರುಸೊತ್ತಾಗ್ಲಿಲ್ಲ” ಅನ್ನುತ್ತಾಳೆ. ಪಕ್ಕದ ಬೀದಿಯಲ್ಲಿ ಅವಳದೇ ಎರಡು ಕೋಣೆಯ ಮನೆ ಇದೆ, ಹೊಲಿದು ಹೊಲಿದು ಕೊಂಡದ್ದು. ಅಂಗಡಿಯ ಗಲ್ಲಾಪೆಟ್ಟಿಗೆಗೆ ಅಣ್ಣನೂ ಕೈ ಹಾಕುತ್ತಾನೆ, ತಂಗಿಯೂ ಹಾಕುತ್ತಾಳೆ. ಒಬ್ಬರನ್ನೊಬ್ಬರು ಯಾಕೆ ಅಂತ ಕೇಳಿದ್ದನ್ನು ನಾನು ಹುಟ್ಟಿದಾಗಿನಿಂದ ಕಂಡಿಲ್ಲ.

ಎಲ್ಲ ಸರಿಯಾಗಿಯೇ ಇತ್ತು, ಚಿತ್ರಮಂದಿರದ ಮ್ಯಾನೇಜರು ಬರುವವರೆಗೆ. ಅಲ್ಲಿನ ಅಷ್ಟೂ ಸೀಟುಗಳಿಗೆ ಹೊಸ ಫೋಮು, ಹೊಸ ಬಟ್ಟೆ ಆಗಬೇಕಿತ್ತು. ವರ್ಷವಿಡೀ ಕೂತು ಮಾಡುವಷ್ಟು ಕೆಲಸ. ಅತ್ತೆ ಹೊಲಿದಿದ್ದ ಒಂದು ಕುರ್ಚಿಯ ಅಂಚನ್ನು ಸವರಿ ನೋಡಿ ಅವರು ಆಗಲೇ ಮನಸ್ಸು ಮಾಡಿಯಾಗಿತ್ತು.

“ಒಂದೇ ತೊಡಕು” ಅಂದರು. “ಒಬ್ಬರ ಹೆಸರಿನ ಅಂಗಡಿಗೆ ಇಷ್ಟು ದೊಡ್ಡ ಕೆಲಸ ಕೊಡೋಕೆ ನಮ್ಮ ಮೇಲಿನವರು ಒಪ್ಪಲ್ಲ. ಅರ್ಧ ಸೀಟು ಕಿತ್ತು ಹಾಕಿದ್ಮೇಲೆ ನೀವು ಜ್ವರ ಅಂತ ಮಲಗಿದ್ರೆ ನಾವು ಯಾರ ಕೊರಳಪಟ್ಟಿ ಹಿಡಿಯೋಣ? ಪಾಲುದಾರಿಕೆನೋ ಕಂಪನಿನೋ, ಏನೋ ಒಂದು ಮಾಡ್ಕೊಂಡು ಬನ್ನಿ.”

ಅತ್ತೆ ಬಾಯಿಂದ ಸೂಜಿಗಳನ್ನು ತೆಗೆದಳು. ಅಷ್ಟು ಶ್ರಮ ತೆಗೆದುಕೊಂಡಳೆಂದರೆ ಮಾತು ದೊಡ್ಡದು ಅಂತ ಅರ್ಥ.

“ಒಬ್ಬರ ಅಂಗಡಿ ಅಂತ ಯಾರು ಹೇಳಿದ್ದು? ಹೊರಗೆ ಬೋರ್ಡು ಓದ್ಲಿಲ್ವಾ ನೀವು?”

ಅಪ್ಪ ಸೋಫಾದ ಹಿಂದಿನಿಂದ ಏನೋ ಗುನುಗಿದ. ಏನಂದ ಅಂತ ನನಗೂ ತಿಳಿಯಲಿಲ್ಲ.

ಮೂವರೂ ಆಡಿಟರ ಹತ್ತಿರ ಹೋದೆವು. ಬೀದಿಯಲ್ಲಿ ಅವರನ್ನು ಎಲ್ಲರೂ ‘ಆದರೆ ಆಡಿಟರು’ ಅನ್ನುತ್ತಾರೆ. ಪಾಪ, ಒಳ್ಳೆಯ ಮನುಷ್ಯ, ಬುದ್ಧಿವಂತ. ಆದರೆ ಒಂದು ಒಳ್ಳೆಯ ಸುದ್ದಿಯನ್ನೂ ಬಾಲವಿಲ್ಲದೆ ಹೇಳಲು ಅವರಿಂದಾಗದು. ಔಷಧಿ ಅಂಗಡಿಯ ಮೇಲಿನ ಕೋಣೆ, ಕಿಟಕಿಯವರೆಗೆ ಕಡತಗಳು. ನಮ್ಮವರಿಬ್ಬರೂ ಕೂರುವ ಮೊದಲು ಅಲ್ಲಿನ ಕುರ್ಚಿಗಳನ್ನು ಒತ್ತಿ ನೋಡಿ, ಒಬ್ಬರ ಮುಖ ಒಬ್ಬರು ನೋಡಿಕೊಂಡು, ತಲೆಯಾಡಿಸಿದರು. ಆ ಫೋಮು ಸತ್ತು ಬಹಳ ಕಾಲವಾಗಿತ್ತು. ನಾಚಿಕೆಯಿಂದ ನಾನು ಇಬ್ಬರನ್ನೂ ಕೂರಿಸಿದೆ.

“ಈಗ ನಿಮ್ಮದು ಏಕಮಾಲೀಕತ್ವ” ಅಂತ ಶುರುಮಾಡಿದರು ಆಡಿಟರು. “ಸರಳ. ಯಾರನ್ನೂ ಕೇಳಬೇಕಾಗಿಲ್ಲ, ಲಾಭ ಎಲ್ಲ ನಿಮ್ಮದೇ. ಆದರೆ ನಷ್ಟಾನೂ ನಿಮ್ಮದೇ. ಅಂಗಡಿ ಬೇರೆ, ನೀವು ಬೇರೆ ಅಲ್ಲ. ಅಂಗಡಿ ಮುಳುಗಿದ್ರೆ ಮನೇನೂ ಹೋಗುತ್ತೆ. ಪಾಲುದಾರಿಕೆ ಅಂದ್ರೆ ಇಬ್ಬರೋ ಮೂವರೋ ಸೇರ್ಕೊಂಡು ಮಾಡೋದು, ಹೆಗಲು ಕೊಡೋಕೆ ಜನ ಇರ್ತಾರೆ. ಆದರೆ ಒಬ್ಬರು ಮಾಡಿದ ಸಾಲಕ್ಕೆ ಇನ್ನೊಬ್ಬರೂ ತಲೆ ಕೊಡಬೇಕು. ಇನ್ನು ಕಂಪನಿ. ಕಾನೂನಿನ ಕಣ್ಣಲ್ಲಿ ಕಂಪನೀನೂ ಒಬ್ಬ ವ್ಯಕ್ತಿ. ಅದರದೇ ಹೆಸರು, ಅದರದೇ ಆಸ್ತಿ, ಅದರದೇ ಸಾಲ. ನೀವು ಸತ್ತರೂ ಅದು ಸಾಯಲ್ಲ. ಆದರೆ ವರ್ಷಾ ವರ್ಷಾ ಕಾಗದ ಬರೆದು ಬರೆದು ನೀವೇ ಸಾಯ್ತೀರಿ.”

“ಆ ವ್ಯಕ್ತಿ ಕೂರೋಕೆ ಬರ್ತಾನಾ?” ಅಂದಳು ಅತ್ತೆ. “ಬಂದ್ರೆ ಈ ಕುರ್ಚಿ ಬೇಡ, ನಾವು ಬೇರೆ ಮಾಡಿಕೊಡ್ತೀವಿ.”

ಆಡಿಟರು ನಕ್ಕರು. ಕಂಪನಿಯ ಹೆಸರಿನ ಕೊನೆಗೆ ‘ನಿಯಮಿತ’ ಅಂತ ಸೇರಿಸಬೇಕಾಗುತ್ತದೆ ಅಂದರು.

“ನಿಯಮಿತ ಅಂದ್ರೆ ತಪ್ಪಿಸದೆ ದಿನಾ ಬರೋದು ತಾನೆ? ನಾನು ಬರ್ತಾನೇ ಇದೀನಲ್ಲ. ಅದನ್ನ ಬೇರೆ ಬರೀಬೇಕಾ?”

“ಆ ನಿಯಮಿತ ಅಲ್ಲಮ್ಮ. ಇದು ಮಿತಿ ಇರೋ ನಿಯಮಿತ. ಹೊಣೆಗೆ ಮಿತಿ. ನೀವು ಹಾಕಿದಷ್ಟು ದುಡ್ಡು ಮಾತ್ರ ಹೋಗುತ್ತೆ, ಮನೆ ಮಠ ಉಳಿಯುತ್ತೆ.” ಆಮೇಲೆ ಅವರು ಅತ್ತೆಯನ್ನು ಸರಿಯಾಗಿ ನೋಡಿ, ಯಾವ ಕೆಟ್ಟ ಉದ್ದೇಶವೂ ಇಲ್ಲದೆ, ಬರೆದುಕೊಳ್ಳಲು ಕೇಳಿದರು. “ಅಂದ ಹಾಗೆ, ನೀವು ಅಂಗಡಿಯಲ್ಲಿ ಏನು?”

“ಬೋರ್ಡಲ್ಲಿ ಇದೀನಲ್ಲ, ತಂಗಿ.”

“ಬೋರ್ಡು ಹೆಸರು ಅಷ್ಟೇ. ಮಾಲೀಕರು ಇವರೊಬ್ಬರೇ. ಹಾಗೆ ನೋಡಿದ್ರೆ ನೀವು ಕೆಲಸದವರು.”

ಅತ್ತೆಯ ಮುಖದಲ್ಲಿ ನಗು ಹಾಗೇ ಉಳಿದುಹೋಯಿತು. ತೆಗೆಯುವುದು ಮರೆತಂತಿತ್ತು. ಅಪ್ಪ ನೆಲ ನೋಡುತ್ತಿದ್ದ. ಅವನ ಬಾಯಲ್ಲಿ ಅಂದು ಒಂದು ಮೊಳೆಯೂ ಇರಲಿಲ್ಲ, ಆದರೂ ಮಾತು ಹೊರಡಲಿಲ್ಲ. ಅಲ್ಲೇ ಅವನ ಮೈಮೇಲೆ ಹೋಗಬೇಕೆನ್ನುವಷ್ಟು ಸಿಟ್ಟು ಬಂದಿತ್ತು ನನಗೆ. ಆಡಿಟರ ಮುಂದೆ ಮಾನ ಹೋಗುತ್ತದೆ ಅಂತ ಹಲ್ಲುಕಚ್ಚಿಕೊಂಡೆ.

ಮರುದಿನ ಅತ್ತೆ ಒಂಬತ್ತಕ್ಕೆ ಸರಿಯಾಗಿ ಬಾಗಿಲಲ್ಲಿ ನಿಂತಳು. ಯಾವತ್ತೂ ನಮಗಿಂತ ಮೊದಲೇ ಬಂದು ಬೀಗ ತೆಗೆಯುವವಳು ಅಂದು ಹೊರಗೇ ಕಾದಿದ್ದಳು.

“ಒಳಗೆ ಬರಬಹುದಾ ಮಾಲೀಕರೇ?”

ಅಪ್ಪ ಬೆಚ್ಚಿಬಿದ್ದ. “ಏನೇ ಇದು, ಪುಟ್ಟಿ?” ಅಂದ. ಮಂಡಿನೋವಿನ ತಂಗಿ ಅವನಿಗೆ ಇವತ್ತಿಗೂ ಪುಟ್ಟಿಯೇ.

“ಕೆಲಸದವರು ಹೇಳದೆ ಕೇಳದೆ ನುಗ್ಗಬಾರದು ಮಾಲೀಕರೇ.”

ಆಮೇಲೆ ಶುರುವಾಯಿತು ನೋಡಿ. “ದೊಡ್ಡ ಕತ್ತರಿ ತಗೊಳ್ಳಲಾ ಮಾಲೀಕರೇ?” “ಮೆಷೀನಿಗೆ ಎಣ್ಣೆ ಬಿಡಲು ಅಪ್ಪಣೆ ಇದೆಯಾ ಮಾಲೀಕರೇ?” ಗಿರಾಕಿಯೊಬ್ಬಳು ರೆಕ್ಸಿನ್ ಬಣ್ಣ ಯಾವುದು ಚೆನ್ನ ಅಂತ ಕೇಳಿದರೆ, “ನಂಗೇನು ಗೊತ್ತಮ್ಮ, ಮಾಲೀಕರನ್ನ ಕೇಳಿ” ಅಂದಳು. ಅಪ್ಪನಿಗೆ ಬಣ್ಣ ಗೊತ್ತಾಗುವುದಿಲ್ಲ ಅಂತ ಊರಿಗೇ ಗೊತ್ತು. ಅವನು ತೋರಿಸಿದ ಬಣ್ಣ ಕಂಡು ಆ ಹೆಂಗಸು ನಾಳೆ ಬರ್ತೀನಿ ಅಂತ ಹೇಳಿ ಹೋದಳು. ಇನ್ನೂ ಬಂದಿಲ್ಲ. ಸಂಜೆ ಐದೂವರೆಗೆ ಅರ್ಧ ಹೊಲಿಗೆಯಲ್ಲೇ ಮೆಷೀನು ನಿಲ್ಲಿಸಿ ಅತ್ತೆ ಚೀಲ ಹೆಗಲಿಗೇರಿಸಿದಳು. ನನಗೆ ನಗುವೂ ಬರುತ್ತಿತ್ತು, ಸಂಕಟವೂ ಆಗುತ್ತಿತ್ತು.

ನಾನು ಅವಳ ಹಿಂದೆಯೇ ಹೋಗಿ ಮನೆಬಾಗಿಲಲ್ಲಿ ಹಿಡಿದೆ.

“ಅತ್ತೆ, ಸಾಕು ಮಾಡು. ಅಪ್ಪ ಮಧ್ಯಾಹ್ನ ಊಟಾನೇ ಮಾಡ್ಲಿಲ್ಲ.”

“ನಾನು ಮಾಡಿದ್ನಾ?” ಅಂದಳು. ಬೀಗ ತೆಗೆದು ಬಾಗಿಲಲ್ಲೇ ನಿಂತಳು. “ಕೇಳು. ನಂಗೆ ದುಡ್ಡಲ್ಲ ಬೇಕಾಗಿರೋದು. ದುಡ್ಡು ಯಾವತ್ತು ಕಮ್ಮಿ ಮಾಡಿದಾನೆ ಅವನು? ನಮ್ಮಂಗಡಿ ನಮ್ಮಂಗಡಿ ಅಂತ ಇಷ್ಟು ವರ್ಷ ಬೀದಿಯೆಲ್ಲ ಹೇಳ್ಕೊಂಡು ಬಂದೆ. ಜನ ಬೆನ್ನ ಹಿಂದೆ ನಕ್ಕಿರಬೇಕು. ಕೂಲಿಯವಳಾಗಿಯೇ ಇರೋದಾದ್ರೆ ಅಲ್ಲೇ ಯಾಕಿರಬೇಕು? ಹೊಲಿಯೋ ಕೈ ಎಲ್ಲಾದ್ರೂ ಬದುಕುತ್ತೆ. ಹೊಸ ಕಾಗದದಲ್ಲೂ ನಾನು ಇಲ್ಲ ಅಂದ್ರೆ ನನ್ನ ಮೆಷೀನು ಎತ್ಕೊಂಡು ಹೊರಡ್ತೀನಿ.”

ಅವಳು ಬಾಯಿಮಾತಿಗೆ ಹೇಳುವವಳಲ್ಲ. ಅತ್ತೆಯಿಲ್ಲದ ಅಂಗಡಿಯನ್ನು ನಾನು ಮನಸ್ಸಿನಲ್ಲೇ ಒಮ್ಮೆ ನೋಡಿದೆ: ಅಪ್ಪ, ಮೊಳೆ, ಸುತ್ತಿಗೆ, ಎದುರಿನ ಖಾಲಿ ಜಾಗ. ಸೀದಾ ಅಂಗಡಿಗೆ ಓಡಿ ಬಂದು ಅಪ್ಪನ ಬಾಯಿಂದ ಮೊಳೆಗಳನ್ನೆಲ್ಲ ಅಂಗೈಗೆ ಉಗುಳಿಸಿಕೊಂಡೆ.

“ಈಗ ಹೇಳು. ಅವಳನ್ನ ಯಾಕೆ ಸೇರಿಸ್ಲಿಲ್ಲ? ನಾಚಿಕೆ ಆಗಲ್ವಾ ನಿಂಗೆ?”

“ನಾನು ಕೇಳಿದ್ದೆ ಕಣೇ” ಅಂದ ಅಪ್ಪ. “ಅಂಗಡಿ ಶುರು ಮಾಡ್ದಾಗ್ಲೇ ಕೇಳಿದ್ದೆ. ಪಾಲಿಗೆ ಬರ್ತೀಯಾ ಪುಟ್ಟಿ ಅಂತ. ಅವಳೇ ಊಹ್ಞೂಂ ಅಂದ್ಳು.”

ಮರುದಿನ ಅತ್ತೆ ಒಂಬತ್ತಕ್ಕೆ ಬಾಗಿಲಲ್ಲಿ ನಿಂತು “ಮಾಲೀಕರೇ” ಅನ್ನುವ ಮೊದಲೇ ಕೈಹಿಡಿದು ಒಳಗೆಳೆದು, ಅಪ್ಪನೆದುರು ಕೂರಿಸಿ, ಇದನ್ನೇ ಕೇಳಿದೆ.

“ಕೇಳಿದ್ದ” ಅಂದಳು ಅತ್ತೆ. “ಯಾರು ಇಲ್ಲ ಅಂದ್ರು? ಹಸಿರು ಗೆರೆಯ ದಿವಾನ್ ಮಂಚಕ್ಕೆ ಹೊದಿಕೆ ಗುರುತು ಮಾಡ್ತಾ ಇದ್ದೆ. ನಾನು ಹ್ಞೂಂ ಅಂದೆ.”

“ಊಹ್ಞೂಂ ಅಂದೆ ನೀನು.”

“ಹ್ಞೂಂ ಅಂದೆ.”

“ಬಾಯಲ್ಲಿ ಸೂಜಿ ಇತ್ತಾ?” ಅಂದೆ ನಾನು.

ಅತ್ತೆಯ ಕೈ ತಾನಾಗಿಯೇ ತುಟಿಗೆ ಹೋಯಿತು. ನನ್ನ ಕೆಲಸ ಈಗ ಪೊಲೀಸರ ಕೆಲಸ. ಅತ್ತೆಯ ಬಾಯಿಗೆ ಯಾವತ್ತಿನಷ್ಟೇ ಸೂಜಿ ತುಂಬಿಸಿ, ನಾನೂ ಅಪ್ಪನೂ ಗೋಡೆಗೆ ಮುಖ ಮಾಡಿ ನಿಂತು, ಹ್ಞೂಂ ಊಹ್ಞೂಂ ಎರಡನ್ನೂ ಅವಳಿಗೆ ಬೇಕಾದ ಹಾಗೆ ಒಂದಾದ ಮೇಲೊಂದು ಹೇಳು ಅಂದೆವು. ಅವಳು ಹೇಳಿದಳು. ಅಪ್ಪ ಇಲ್ಲ ಅಂತ ಊಹಿಸಿದ್ದು ಹೌದಾಗಿತ್ತು, ನಾನು ಹೌದು ಅಂತ ಊಹಿಸಿದ್ದು ಇಲ್ಲವಾಗಿತ್ತು. ಇನ್ನೊಮ್ಮೆ ಹೇಳಿಸಿದೆವು, ಇನ್ನೊಮ್ಮೆ ತಪ್ಪಿದೆವು. ತುಟಿ ಬಿಗಿಹಿಡಿದವಳ ಹ್ಞೂಂಗೂ ಮೊದಲು ಸಣ್ಣದೊಂದು ‘ಊ’ ಬಂದೇ ಬರುತ್ತಿತ್ತು. ಒಂದು ಅಕ್ಷರದ ಸದ್ದಿಗೆ ನನ್ನತ್ತೆ ಇಷ್ಟು ವರ್ಷ ಕೆಲಸದವಳಾಗಿದ್ದಳು. ನಾನು ನೆಲಕ್ಕೆ ಕುಸಿದು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅಪ್ಪನೂ ನಕ್ಕ. ಅತ್ತೆ ನಗಲಿಲ್ಲ. ಸೂಜಿಗಳನ್ನು ಒಂದೊಂದಾಗಿ ದಿಂಬಿಗೆ ಚುಚ್ಚಿದಳು.

“ಸರಿ, ಆವತ್ತು ಕೇಳಿಸ್ಲಿಲ್ಲ. ಮಾರನೇ ದಿನ ಕೇಳಬಹುದಿತ್ತು. ಮಾರನೇ ವರ್ಷ ಕೇಳಬಹುದಿತ್ತು. ಯಾಕೆ ಕೇಳ್ಲಿಲ್ಲ?”

ಅಪ್ಪ ಸುತ್ತಿಗೆಯನ್ನು ಕೈಯಿಂದ ಕೈಗೆ ಬದಲಾಯಿಸಿದ. ಆಮೇಲೆ ಅದನ್ನು ಕೆಳಗಿಟ್ಟ.

“ನೀನು ಬೇಡ ಅಂದೆ ಅಂದ್ಕೊಂಡಾಗ ನಂಗೆ ಬೇಜಾರಾಗ್ಲಿಲ್ಲ, ಪುಟ್ಟಿ. ನಿರಾಳ ಆಯ್ತು. ಪಾಲುದಾರಳಾಗಿ ಸೇರಿಸ್ಕೊಂಡ್ರೆ, ಅಂಗಡಿ ಮುಳುಗಿದಾಗ ನಿನ್ನ ಮೆಷೀನೂ ಎತ್ಕೊಂಡು ಹೋಗ್ತಾರೆ ಅಂತ ಗೊತ್ತಿತ್ತು. ಆವಾಗ ಅದೊಂದೇ ತಾನೆ ನಿನ್ನ ಹತ್ರ ಇದ್ದದ್ದು. ಮುಳುಗಿದ್ರೆ ನಾನೊಬ್ಬನೇ ಮುಳುಗ್ಲಿ ಅನ್ನಿಸ್ತು. ಆಮೇಲೆ ನೀನು ಮನೆ ತಗೊಂಡೆ. ಆಗಂತೂ ಕೇಳೋಕೆ ಬಾಯೇ ಬರ್ಲಿಲ್ಲ.”

ನನ್ನ ಸಿಟ್ಟೆಲ್ಲ ಇಳಿದುಹೋಯಿತು. ಈ ಮನುಷ್ಯನನ್ನು ಬೈಯಲೂ ಬಿಡುವುದಿಲ್ಲ ದೇವರು. ಅತ್ತೆ ಕರಗಿ ನೀರಾಗುತ್ತಾಳೆ, ಇಲ್ಲಿಗೆ ಎಲ್ಲ ಮುಗಿಯಿತು ಅಂದುಕೊಂಡೆ. ನನ್ನತ್ತೆ ನನಗಿನ್ನೂ ಅರ್ಥವಾಗಿರಲಿಲ್ಲ.

“ಅಂದ್ರೆ ನಂಗೇನು ಬೇಕು ಅಂತ ನೀನೇ ತೀರ್ಮಾನ ಮಾಡಿಬಿಟ್ಟೆ” ಅಂದಳು ಅವಳು ಮೆಲ್ಲಗೆ. “ಸರಿ ಮಾಲೀಕರೇ.” ಎದ್ದು ಮೆಷೀನಿಗೆ ಕೂತಳು. ಆ ದಿನವೆಲ್ಲ ಅಂಗಡಿಯಲ್ಲಿ ಹ್ಞೂಂ ಕೂಡ ಕೇಳಲಿಲ್ಲ.

ಚಿತ್ರಮಂದಿರದವರಿಗೆ ಉತ್ತರ ಕೊಡುವ ದಿನ ಹತ್ತಿರ ಬಂದಿತ್ತು. ಮತ್ತೆ ಆಡಿಟರ ಮೆಟ್ಟಿಲು ಹತ್ತಿದೆವು. ಅಪ್ಪ ಮುಂದೆ, ಅತ್ತೆ ಕೊನೆಗೆ, ಜಗಳ ಬಿಡಿಸಲು ಮಧ್ಯದಲ್ಲಿ ನಾನು. ಈ ಸಲ ಕೂರುವ ಮೊದಲೇ ಅಪ್ಪ ಬಾಯಿಬಿಟ್ಟ.

“ತಂಗೀನ ಪಾಲಿಗೆ ಸೇರಿಸ್ಕೊಬೇಕು ಸಾರ್. ಸರಿಸಮ. ಅದ್ರಲ್ಲಿ ಎರಡು ಮಾತಿಲ್ಲ. ಅವಳ ಮನೆಗೆ ಮಾತ್ರ ಏನೂ ಆಗಬಾರದು. ಅಂಥದ್ದು ಏನಾದ್ರೂ ಇದೆಯಾ?”

ಆಡಿಟರ ಮುಖ ಅರಳಿತು. “ನಿಮಗೆ ಅಂತಾನೇ ಮಾಡಿಟ್ಟ ಹಾಗಿದೆ. ಸೀಮಿತ ಹೊಣೆಗಾರಿಕೆಯ ಪಾಲುದಾರಿಕೆ ಅಂತ. ಇಬ್ಬರೇ ಸಾಕು. ಪಾಲುದಾರಿಕೆ ಥರ ಸಲೀಸು, ಕಂಪನಿ ಥರ ಭದ್ರ. ಅಣ್ಣ ತಪ್ಪು ಮಾಡಿದ್ರೆ ತಂಗಿ ಮನೆ ಮುಟ್ಟೋ ಹಾಗಿಲ್ಲ, ತಂಗಿ ತಪ್ಪು ಮಾಡಿದ್ರೆ ಅಣ್ಣನ ಮನೆ ಮುಟ್ಟೋ ಹಾಗಿಲ್ಲ.” ನಾನು ‘ಆದರೆ’ಗೆ ಕಾದೆ. ಅದು ಬರಲಿಲ್ಲ. ಅವರ ಜೀವನದಲ್ಲಿ ಬಾಲವಿಲ್ಲದ ಸುದ್ದಿ ಅದೊಂದೇ ಇರಬೇಕು.

“ಆದರೆ” ಅಂದಳು ಅತ್ತೆ.

ಮೂವರೂ ತಿರುಗಿ ನೋಡಿದೆವು.

“ಹಳೇ ಥರದ್ದು ಇದೆಯಲ್ಲ, ಮೊದಲನೇ ದಿನ ಹೇಳಿದ್ರಲ್ಲ, ಒಬ್ಬರ ಸಾಲಕ್ಕೆ ಇನ್ನೊಬ್ಬರು ತಲೆ ಕೊಡೋದು. ಅದು ಬೇಕು ನಂಗೆ.”

“ಅಮ್ಮ, ದಯವಿಟ್ಟು ಸರಿಯಾಗಿ ಕೇಳಿಸ್ಕೊಳ್ಳಿ” ಅಂದರು ಆಡಿಟರು. ಅವರು ಗಾಬರಿಯಾಗಿದ್ದರು, ಕಾಳಜಿಯಿಂದಲೇ ಹೇಳುತ್ತಿದ್ದರು. “ಅದ್ರಲ್ಲಿ ಹೊಣೆಗೆ ಮಿತಿ ಇಲ್ಲ. ಇಷ್ಟು ದೊಡ್ಡ ಕೆಲಸ ಹಿಡೀತಾ ಇದೀರಿ. ನಾಳೆ ಫೋಮಿಗೆ ಬೆಂಕಿ ಬಿತ್ತು ಅಂತಿಟ್ಕೊಳ್ಳಿ, ಕೊಟ್ಟ ಮುಂಗಡ ವಾಪಸ್ ಕೊಡಿ ಅಂತಾರೆ. ನಿಮ್ಮಣ್ಣನ ಹತ್ರ ಇಲ್ಲ ಅಂದ್ರೆ ಪೂರ್ತಿ ನಿಮ್ಮ ಹತ್ರ ವಸೂಲಿ ಮಾಡ್ತಾರೆ. ನಿಮ್ಮ ಪಾಲಷ್ಟೇ ಅಲ್ಲ, ಪೂರ್ತಿ. ಮನೆ, ಮೆಷೀನು, ಎಲ್ಲಾ.”

“ಅರ್ಥ ಆಗಿದೆ.”

“ಪುಟ್ಟಿ, ಹಟ ಮಾಡಬೇಡ” ಅಂದ ಅಪ್ಪ. “ನಿನ್ನ ಮನೆ ಕಣೇ.”

ನಾನೂ ಬಾಯಿ ಹಾಕಿದೆ. ಬುದ್ಧಿ ಇರುವವರು ಯಾರಾದರೂ ಹಾಕಬೇಕಾದದ್ದೇ. “ಅತ್ತೆ, ಅಪ್ಪ ಹೇಳೋದ್ರಲ್ಲಿ ತಪ್ಪೇನಿದೆ? ಪಾಲುದಾರಳಂತೂ ಆಗ್ತೀಯಲ್ಲ. ಸುಮ್ನೆ ಯಾಕೆ ಮೈಮೇಲೆ ಎಳ್ಕೊಳ್ತೀಯ?”

ಅತ್ತೆ ನನ್ನ ಕಡೆ ನೋಡಲಿಲ್ಲ. ಅಪ್ಪನ ಕಡೆಗೇ ತಿರುಗಿ ಕೂತಳು.

“ಅಣ್ಣ, ನಿಂಗೆ ಟೈಫಾಯ್ಡ್ ಬಂದು ಮಲಗಿದ್ದಾಗ ಮೊಳೆ ಹೊಡೆದವರು ಯಾರು? ನಂಗೆ ಕಣ್ಣಿನ ಆಪರೇಷನ್ ಆದಾಗ ಸೊಟ್ಟಪಟ್ಟ ಹೊಲಿಗೆ ಹಾಕಿ ಗಿರಾಕಿ ಹತ್ರ ಬೈಸ್ಕೊಂಡವನು ಯಾರು? ಆವಾಗ ಮಿತಿ ನೋಡಿದ್ವಾ? ಇವರು ಹೇಳೋ ಕಾಗದ ಒಳ್ಳೇದೇ. ಬೇರೆಯವರ ಜೊತೆ ಆದ್ರೆ ಅದನ್ನೇ ಮಾಡ್ತಿದ್ದೆ, ನಾನೇನು ಪೆದ್ದಿ ಅಲ್ಲ. ಅಣ್ಣನ ಸಾಲ ನನ್ನದಲ್ಲ ಅಂತ ಬರೆದಿರೋ ಕಾಗದಕ್ಕೆ ನಾನು ಸಹಿ ಹಾಕಲ್ಲ. ಇಷ್ಟು ವರ್ಷ ನೀನೊಬ್ಬನೇ ಹೆದ್ರಿಕೊಂಡು ಮಲಗಿದೀಯ. ಒಂದು ದಿನಾನೂ ನನ್ನ ಎಬ್ಬಿಸ್ಲಿಲ್ಲ. ಅದೇ ನಂಗೆ ನೋವು. ಲಾಭ ನಂಗೆ ಕೊಡ್ತಾನೇ ಬಂದಿದೀಯ. ಭಯದಲ್ಲಿ ಪಾಲು ಕೊಡು.”

ಕೆಳಗಿನ ಔಷಧಿ ಅಂಗಡಿಯಲ್ಲಿ ಯಾರೋ ಕೆಮ್ಮಿನ ಔಷಧಿಯ ಬೆಲೆ ಕೇಳುತ್ತಿದ್ದರು. ಅಪ್ಪ ಕಣ್ಣೊರೆಸಿಕೊಳ್ಳಲು ಜೇಬಿಗೆ ಕೈಹಾಕಿದರೆ ರೆಕ್ಸಿನ್ನಿನ ತುಂಡು ಸಿಕ್ಕಿತು. ಅದರಲ್ಲೇ ಒರೆಸಿಕೊಂಡ. ನಾನು ಹುಟ್ಟಿ ಬೆಳೆದದ್ದು ಈ ಇಬ್ಬರ ನಡುವೆ ಅಂತ ನನಗೆ ಅಂದು ಎಷ್ಟು ಹೆಮ್ಮೆಯಾಯಿತೆಂದರೆ, ಅದನ್ನು ಮುಚ್ಚಿಕೊಳ್ಳಲು ಆಡಿಟರ ಕುರ್ಚಿಯ ಹರಿದ ಅಂಚನ್ನು ಇನ್ನಷ್ಟು ಹರಿಯುತ್ತ ಕೂತೆ.

“ಬರೀರಿ ಸಾರ್” ಅಂದ ಅಪ್ಪ ಕೊನೆಗೆ. “ಅವಳು ಹೇಳಿದ್ದೇ ಬರೀರಿ.”

ಆಡಿಟರು ಒಮ್ಮೆ ನನ್ನ ಮುಖ ನೋಡಿದರು. ನಾನು ತಲೆಯಾಡಿಸಿದೆ. ಅವರು ಕರಡು ಬರೆಯಲು ಕೂತರು. ಲಾಭ ಅರ್ಧರ್ಧ, ಬ್ಯಾಂಕಿಗೆ ಇಬ್ಬರ ಸಹಿ, ಲೆಕ್ಕ ನೋಡುವ ಹಕ್ಕು ಇಬ್ಬರಿಗೂ. ಒಂದೊಂದನ್ನೂ ಓದಿ ಹೇಳಿದರು. ಅತ್ತೆ ಎಲ್ಲದಕ್ಕೂ ಸರಿ ಸರಿ ಅಂತ ಬಾಯಿಬಿಟ್ಟೇ ಹೇಳಿದಳು. ಹೊಣೆಯ ಮಾತು ಬಂದಾಗ ಆಡಿಟರು ಪೆನ್ನು ಕೆಳಗಿಟ್ಟು, ಒಂದೊಂದು ಪದವನ್ನೂ ಬಿಡಿಸಿ ಓದಿದರು.

“ಸಂಸ್ಥೆಯ ಎಲ್ಲ ಸಾಲ, ನಷ್ಟ ಮತ್ತು ಬಾಧ್ಯತೆಗಳಿಗೆ ಪಾಲುದಾರರಿಬ್ಬರೂ ಒಟ್ಟಾಗಿಯೂ, ಒಬ್ಬೊಬ್ಬರಾಗಿಯೂ, ಮಿತಿಯಿಲ್ಲದೆ ಹೊಣೆಯಾಗಿರತಕ್ಕದ್ದು.”

“ಇನ್ನೊಂದ್ಸಲ ಓದಿ” ಅಂದಳು ಅತ್ತೆ.

“ಅರ್ಥ ಆಗ್ಲಿಲ್ವಾ? ಅಂದ್ರೆ ನಾಳೆ ಏನಾದ್ರೂ ಆದ್ರೆ ಇಬ್ಬರಲ್ಲಿ ಯಾರನ್ನ ಬೇಕಾದ್ರೂ...”

“ಅರ್ಥ ಆಯ್ತು ಸಾರ್. ಕೇಳೋಕೆ ಚೆನ್ನಾಗಿದೆ. ಓದಿ.”

ಆಡಿಟರು ಕನ್ನಡಕ ಸರಿಮಾಡಿಕೊಂಡು ಇನ್ನೊಮ್ಮೆ ಓದಿದರು.